ಉತಾರ, ಡೈರಿ, ಹಳೇ ಖರೀದಿ ಪತ್ರ ಹಿಡಿದು ಮುತ್ತಜ್ಜನ ತನಕ ಹೋಗೂದು ಹೆಂಗ: ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಪೂರ್ತಿ ದಾರಿ

ನಮ್ಮ ಕಡೆ ಯಾರನ್ನರ ಕೇಳ್ರಿ, ಅಪ್ಪನ ಹೆಸರು ಹೇಳ್ತಾರ, ಅಜ್ಜನ ಹೆಸರು ಹೇಳ್ತಾರ, ಮುತ್ತಜ್ಜನ ಹೆಸರಿಗೆ ಬಂದಕೂಡ್ಲೆ ತಡವರಸ್ತಾರ. ನಾನೂ ಹಂಗ ಇದ್ದೆ. ಇರೂದು ಹುಬ್ಬಳ್ಳಿಯೊಳಗ, ಮೂಲ ಊರು ಶಿಗ್ಗಾವಿ ಕಡೆ ಒಂದು ಹಳ್ಳಿ, ಅಪ್ಪ ತೀರಿಕೊಂಡ ಮ್ಯಾಲೆ ವಾರಸಾ, ಅಂದ್ರ ಹೊಲ ವಾರಸುದಾರರ ಹೆಸರಿಗೆ, ಮಾಡ್ಸಾಕಂತ ತಹಶೀಲ್ದಾರ್ ಆಫೀಸಿಗೆ ಓಡ್ಯಾಡಬೇಕಾತು, ಆವಾಗ ಒಂದು ಹಳೇ ಡೈರಿ (ಹೊಲದ ಹಕ್ಕು ಬದಲಾದಾಗ ಬರಿಯೂ ಸರಕಾರಿ ರಜಿಸ್ಟರ) ಹಾಳಿ ಕೈಗೆ ಬಂತು, ಅಲ್ಲಿಂದ ಹಿಡಿದ ಹುಚ್ಚು ಇದು. ನಾಕು ವರ್ಷದಾಗ ಆರು ತಲಿಮಾರಿನ ಹೆಸರು ಸಿಕ್ಕಾವ. ಏನೇನು ಮಾಡಿದೆ, ಯಾವ ಕಾಗದ ಯಾವ ಆಫೀಸಿನ್ಯಾಗ ಇರತೈತಿ, ಎಲ್ಲಾ ಬರದೇನಿ, ನಿಮಗ ಅಷ್ಟು ಓಡ್ಯಾಟ ತಪ್ಪಲಿ ಅಂತ.

ಒಂದು ಮಾತು ಮೊದಲ ತಲಿಯೊಳಗ ಇಟ್ಕೊರಿ. ಹೆಸರಿನ ಬೆನ್ನು ಹತ್ತಿದ್ರ ಕೆಡತೀರಿ, ಹೊಲದ ಬೆನ್ನು ಹತ್ರಿ. ಒಂದು ಊರಾಗ ಹತ್ತು ಮಂದಿ ಬಸಪ್ಪ ಇರತಾರ, ಅಜ್ಜನ ಹೆಸರು ಮೊಮ್ಮಗಗ ಇಡೂ ಪದ್ಧತಿ ಇರೂದ್ರಿಂದ ಒಂದ ಮನ್ಯಾಗ ಒಂದು ತಲಿಮಾರು ಬಿಟ್ಟು ಒಂದು ಅದ ಹೆಸರು ಬರಾಕತ್ತಿರತೈತಿ, ಅಡ್ಡಹೆಸರಂತೂ ನಂಬಾಕ ಆಗೂದಿಲ್ಲ, ಒಬ್ಬ ಅಣ್ಣ ಹೊಸಮನಿ ಅಂತ ಬರಸಿದ್ರ ತಮ್ಮ ಅಂಗಡಿ ಅಂತ ಬರಸಿರತಾನ, ಇನ್ನೊಬ್ಬ ಊರು ಬಿಟ್ಟು ಹೋಗಿ ಊರ ಹೆಸರನ್ನ ಅಡ್ಡಹೆಸರು ಮಾಡ್ಕೊಂಡಿರತಾನ. ಸರ್ವೆ ನಂಬರ ಹಂಗಲ್ಲ. ಅದು ಬದಲಾದ್ರೂ ಯಾವಾಗ, ಯಾಕ ಬದಲಾತು ಅಂತ ಕಾಗದ ಇರತೈತಿ.

ಮೊದಲು ಮನ್ಯಾಗ ಕೇಳ್ರಿ

ಹಿರೇರ ಮುಂದ ಕುಂತು "ನಿಮ್ಮ ಅಜ್ಜನ ಹೆಸರೇನ್ರಿ" ಅಂದ್ರ ಹೆಚ್ಚು ಹೊರಗ ಬರೂದಿಲ್ಲ. ನಾನು ಕೇಳಿದ್ದು ಬ್ಯಾರೆ ರೀತಿ. "ಆಯಿ, ಊರಾಗ ಯಾರ್ಯಾರ ಮನಿ ಸೂತಕ ನಮಗ ಬರತೈತಿ?" ಸೂತಕ ಹಿಡಿಯೋ ಮನಿ ಅಂದ್ರ ಒಂದ ಬೇರಿನವರು, ಈಗ ಅಡ್ಡಹೆಸರು ಬ್ಯಾರೆ ಇದ್ರೂ, ಮಾತುಕತಿ ಇಲ್ಲದಿದ್ರೂ. ನಮ್ಮ ಆಯಿ ಬೆರಳು ಮಡಚಿ ಏಳು ಮನಿ ಎಣಿಸಿದ್ಲು, ಅದರಾಗ ಎರಡು ಮನಿ ನನಗ ಗೊತ್ತ ಇರಲಿಲ್ಲ. ಆಮ್ಯಾಲೆ ಮನೆದೇವರು ಯಾವುದು, ಬೆಡಗು, ಅಂದ್ರ ಕುಲದ ಒಳಪಂಗಡ, ಯಾವುದು, ಜಾತ್ರಿಗೆ ಎಲ್ಲಿಗೆ ಹೋಗ್ತಿದ್ರು, ದೇವರಗುಡ್ಡಕ್ಕೋ ಸವದತ್ತಿಗೋ ಉಳವಿಗೋ, ಇದನ್ನೆಲ್ಲಾ ಬರಕೊರಿ. ಮನೆದೇವರು ದೂರದ್ದಿದ್ರ ಮನೆತನ ಆ ಕಡೆಯಿಂದ ಬಂದಿರಬಹುದು ಅನ್ನೂದಕ್ಕ ಅದೊಂದು ಸುಳಿವು.

ಹೊಲದ ಹೆಸರೂ ಕೇಳ್ರಿ. ಎರಿ ಹೊಲ, ಮಸಾರಿ ಹೊಲ, ಬಾವಿ ಹೊಲ, ಹುಣಸಿಮರದ ಹೊಲ ಅಂತ ಮನಿಮಂದಿ ಕರೀತಾರಲ್ಲ, ಅದಕ್ಕ ಯಾವ ಸರ್ವೆ ನಂಬರ ಅಂತ ಜೋಡಿ ಹಚ್ಚಿಟ್ಕೊರಿ. ಮಾರಿಬಿಟ್ಟ ಹೊಲ ಇದ್ರ ಅದನ್ನೂ ಬರೀರಿ, ಯಾಕಂದ್ರ ಮಾರಿದ ಹೊಲದ ಕಾಗದದಾಗ ಇಟ್ಕೊಂಡ ಹೊಲದಕಿಂತ ಹೆಚ್ಚು ಕತಿ ಇರತೈತಿ.

ಇನ್ನೊಂದು, ಇದನ್ನ ನಾನು ತಪ್ಪು ಮಾಡಿ ಕಲತದ್ದು. ಉತಾರ, ಅಂದ್ರ ಪಹಣಿ, ತಗಸಾಕ ಹೋಗೂ ಮೊದಲು ಕಾಕಾಗೋಳಿಗೆ, ಅಣ್ಣತಮ್ಮರಿಗೆ ಹೇಳಿಬಿಡ್ರಿ. ನಾನು ಹೇಳದ ಹೋದೆ, ಎರಡು ದಿನದಾಗ ಊರ ತುಂಬ ಸುದ್ದಿ, "ಹುಬ್ಬಳ್ಳ್ಯಾಂವ ಪಾಲು ಕೇಳಾಕ ಬಂದಾನ" ಅಂತ. ಸಣ್ಣ ಕಾಕಾ ಎಂಟು ತಿಂಗಳು ಮಾತಾಡ್ಸಲಿಲ್ಲ. ಬಾಳ ನೋವಾತು ನನಗ, ಅವರದೂ ತಪ್ಪಿಲ್ಲ, ಹಳೇ ಉತಾರ ತಗಸೂದು ಅಂದ್ರ ನಮ್ಮ ಕಡೆ ಕೋರ್ಟಿಗೆ ಹೋಗೂದು ಅಂತನ ಅರ್ಥ. ಮುಂದ ಅವರನ್ನ ಜೋಡಿ ಕರಕೊಂಡು ಹೋದೆ, ಅವರಪ್ಪನ ಸಹಿ ತೋರಿಸಿದ ಮ್ಯಾಲೆ ಮನಸು ತಿಳಿ ಆತು.

ಆವಾಗ ಊರು ಯಾವ ತಾಲೂಕಿನ್ಯಾಗಿತ್ತು, ಯಾರ ಕೈಯಾಗಿತ್ತು

ಇದನ್ನ ಬಿಟ್ಟು ಮುಂದ ಹೋದ್ರ ತಪ್ಪು ಆಫೀಸಿನ್ಯಾಗ ತಿಂಗಳಗಟ್ಟಲೆ ಹುಡುಕತೀರಿ. ಗದಗ, ಹಾವೇರಿ ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ, ಅದಕ್ಕೂ ಮೊದಲು ಎಲ್ಲಾ ಧಾರವಾಡ ಜಿಲ್ಲಾನ. 1956ರ ನವೆಂಬರ್ 1ರ ತನಕ ನಾವು ಮುಂಬೈ ರಾಜ್ಯದೊಳಗ. ತಾಲೂಕಿನ ಹೆಸರೂ ಬ್ಯಾರೆ ಇದ್ದವು. 1884ರ ಮುಂಬೈ ಗೆಜೆಟಿಯರ್ ತಗದ ನೋಡ್ರಿ, ಅದರ ಧಾರವಾಡ ಸಂಪುಟದಾಗ ಹಾವೇರಿ ಇರೂ ತಾಲೂಕಿಗೆ ಕರಜಗಿ ತಾಲೂಕು ಅಂತ, ಶಿಗ್ಗಾವಿ ಇರೂ ತಾಲೂಕಿಗೆ ಬಂಕಾಪುರ ತಾಲೂಕು ಅಂತ, ಹಿರೇಕೆರೂರು ಇರೂ ತಾಲೂಕಿಗೆ ಕೋಡ ತಾಲೂಕು ಅಂತ ಐತಿ. ಹಳೇ ಕಾಗದದಾಗ "ತಾ. ಬಂಕಾಪುರ" ಅಂತ ನೋಡಿ ನಮ್ಮದಲ್ಲ ಅಂತ ನಾನು ಒಮ್ಮೆ ಹಾಳಿ ತಿರಿವಿ ಹಾಕಿಬಿಟ್ಟಿದ್ದೆ.

ಅದಕಿಂತ ದೊಡ್ಡದು ಸಂಸ್ಥಾನದ ವಿಚಾರ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಕುಂದಗೋಳ ಜಮಖಂಡಿಯವರದ್ದು, ಸವಣೂರು ನವಾಬರದ್ದು. ಇವೆಲ್ಲಾ ಮುಂಬೈ ಪ್ರಾಂತದೊಳಗ ಕೂಡಿದ್ದು 1948ರಾಗ. ನಿಮ್ಮ ಹಳ್ಳಿ ಇಂಥಾ ಸಂಸ್ಥಾನದೊಳಗಿದ್ರ 1948ರ ಹಿಂದಿನ ದಫ್ತರ ಬ್ಯಾರೆ ನಮೂನಿ, ಬ್ಯಾರೆ ಕಡೆ, ಬಾಳ ಮಟ್ಟಿಗೆ ಮರಾಠಿಯೊಳಗ. ಬ್ರಿಟಿಷರ ಖಾಲ್ಸಾ ಹಳ್ಳಿ, ಅಂದ್ರ ನೇರ ಸರಕಾರದ ಕೈಯಾಗಿನ ಹಳ್ಳಿ, ಇದ್ರ ನಾನು ಕೆಳಗ ಹೇಳೂ ದಾರಿ ನೆಟ್ಟಗ ನಡೀತೈತಿ. ಈಗಿನ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ರಟ್ಟೀಹಳ್ಳಿ ಇಂಥಾ ಹೊಸ ತಾಲೂಕಿನವರು ಹಳೇ ತಾಲೂಕಿನ ರೆಕಾರ್ಡ್ ರೂಮಿನ್ಯಾಗೂ ಕೇಳ್ರಿ, ಗಂಟು ಇನ್ನೂ ಅಲ್ಲೇ ಇರಬಹುದು.

ಉತಾರದಿಂದ ಡೈರಿಗೆ, ಡೈರಿಯಿಂದ ಹಿಂದಿನ ಡೈರಿಗೆ

ಇದ ಮುಖ್ಯ ಕೆಲಸ. ಈಗಿನ ಉತಾರ, ಅಂದ್ರ ಆರ್‌ಟಿಸಿ, ಭೂಮಿ ವೆಬ್‌ಸೈಟಿನ್ಯಾಗ ನೋಡಾಕ ಸಿಗತೈತಿ. ಅದರಾಗ 9ನೇ ಕಾಲಂ ಕಬ್ಜೇದಾರರ ಹೆಸರು, 10ನೇ ಕಾಲಂ ಹೊಲ ಅವರಿಗೆ ಹೆಂಗ ಬಂತು ಅನ್ನೂದು, 11ನೇದ್ದು ಬೋಜಾ, ಅಂದ್ರ ಹೊಲದ ಮ್ಯಾಲಿನ ಸಾಲ, ಮತ್ತ ಇತರೆ ಹಕ್ಕು, 12ನೇದ್ದು ಸಾಗುವಳಿ. ಎಲ್ಲಾರೂ 9ನೇ ಕಾಲಂ ಓದಿ ಮಡಚಿ ಇಡತಾರ. ನೀವು 10ನೇ ಕಾಲಂ ನೋಡ್ರಿ, ಅಲ್ಲಿ ಡೈರಿ ನಂಬರ, ಅಂದ್ರ ಮ್ಯುಟೇಶನ್ ನಂಬರ, ತಾರೀಖು ಇರತೈತಿ. ಆ ನಂಬರ ಹಿಡಿದು ಡೈರಿ ಉತಾರ ತಗಸ್ರಿ, ಅದರಾಗ ಹಿಂದಿನ ಮಾಲೀಕನ ಹೆಸರು ಸಿಗತೈತಿ, ಆ ಹೆಸರು ಉತಾರದೊಳಗ ಬಂದಾಗಿನ ವರ್ಷದ ಉತಾರ ತಗಸ್ರಿ, ಅದರ ಡೈರಿ ನಂಬರ ಹಿಡೀರಿ, ಮತ್ತ ಹಿಂದಕ್ಕ. ಸರಪಳಿ ಕೊಂಡಿ ಎಣಿಸಿದಂಗ. ಒಂದು ಕೊಂಡಿ ಬಿಟ್ಟು ಹಾರಬ್ಯಾಡ್ರಿ, ಹಾರಿದ್ರ ಬ್ಯಾರೆ ಬಸಪ್ಪನ ಮನಿಗೆ ಹೋಗಿ ನಿಂದರತೀರಿ.

ಭೂಮಿ ಯೋಜನೆ ಬರೂದಕ್ಕಿಂತ ಹಿಂದಿನವು, ಅಂದ್ರ ಸುಮಾರು 2000ನೇ ಇಸವಿ ಹಿಂದಿನವು ಕೈಬರಹದ ಉತಾರ, ತಾಲೂಕಾ ಆಫೀಸಿನ ರೆಕಾರ್ಡ್ ರೂಮಿನ್ಯಾಗ ಇರತಾವ. ಅರ್ಜಿಯೊಳಗ "ಹಳೇ ಉತಾರ ಎಲ್ಲಾ ಕೊಡ್ರಿ" ಅಂತ ಬರದ್ರ ಕೆಲಸ ಆಗೂದಿಲ್ಲ. ಊರು, ಹೋಬಳಿ, ಸರ್ವೆ ನಂಬರ ಹಿಸ್ಸಾ (ಒಡದ ತುಂಡಿನ ನಂಬರ) ಸಮೇತ, ಯಾವ ವರ್ಷದಿಂದ ಯಾವ ವರ್ಷದ ತನಕ, ಡೈರಿ ನಂಬರ ಗೊತ್ತಿದ್ರ ಅದು, ಇಷ್ಟು ಬರದು ದೃಢೀಕೃತ ನಕಲು ಕೇಳ್ರಿ. ಹಳೇ ದಫ್ತರ ಸ್ಕ್ಯಾನ್ ಮಾಡೂ ಕೆಲಸ ಈಗ ನಡದೈತಿ, ನಿಮ್ಮ ತಾಲೂಕಿನ್ಯಾಗ ಆಗಿದ್ರ ಲಗೂನ ಸಿಗತೈತಿ. "ರೆಕಾರ್ಡ್ ಇಲ್ಲ" ಅಂತ ಬಾಯಿಮಾತಿನ್ಯಾಗ ಹೇಳಿ ಕಳಸಿದ್ರ ಬ್ಯಾಸರ ಮಾಡ್ಕೊಂಡು ಮನಿಗೆ ಬರಬ್ಯಾಡ್ರಿ, ಮಾಹಿತಿ ಹಕ್ಕಿನ್ಯಾಗ 10 ರೂಪಾಯಿ ಕಟ್ಟಿ ಅರ್ಜಿ ಹಾಕ್ರಿ, 30 ದಿನದೊಳಗ ಬರವಣಿಗಿಯೊಳಗ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮ ಪ್ರಕಾರ ಒಂದು ಅರ್ಜಿಗೆ ಒಂದ ವಿಷಯ, 150 ಶಬ್ದದೊಳಗ. ನನಗೂ ಒಂದು ಕಡೆ ಇಲ್ಲ ಅಂದಿದ್ದ ರಜಿಸ್ಟರ ಅರ್ಜಿ ಹಾಕಿದ ಮ್ಯಾಲೆ ಕಪಾಟಿನ ಮ್ಯಾಲಿಂದ ಇಳದು ಬಂತು.

ನಂಬರ ತೊಡಕು ಹೇಳಿಬಿಡ್ತೀನಿ. 45/1ಅ ಅಂತ ಇದ್ದದ್ದು ಹಿಂದಕ್ಕ ಹೋದಂಗ 45/1 ಆಗತೈತಿ, ಇನ್ನೂ ಹಿಂದ ಬರೇ 45. ಒಂದೊಂದು ಹಿಸ್ಸಾ ಒಡದದ್ದೂ ಒಂದು ವಾಟಣಿ, ಅಂದ್ರ ಪಾಲು, ಇಲ್ಲಾ ಒಂದು ಮಾರಾಟ. ಧಾರವಾಡ ಕಡೆ ಬಾಳ ಊರಾಗ ಬ್ಲಾಕ್ ನಂಬರ ಅಂತ ಇರತಾವ, ಅವು ತುಂಡು ಹೊಲ ಕೂಡಿಸೂ 1947ರ ಕಾಯ್ದೆ ನಂತರ ಬಂದಂಥವು, ಅದಕ್ಕಿಂತ ಹಿಂದಿನ ಸರ್ವೆ ನಂಬರ ಯಾವುದು ಅಂತ ತಾಳಿ ಹಚ್ಚಿ ನೋಡಬೇಕು. ಇದನ್ನೂ, ಅಳತಿಯ ಟಿಪ್ಪಣಿ, ಕ್ಷೇತ್ರ ಮತ್ತ ಕಂದಾಯದ ಆಕಾರಬಂದ್, ಹಿಸ್ಸಾ ಒಡದ ಫಾಳಣಿ ನಕಾಶೆನೂ ಸರ್ವೆ ಆಫೀಸಿನ್ಯಾಗ, ಎಡಿಎಲ್‌ಆರ್ ಅಂತಾರಲ್ಲ ಅಲ್ಲಿ ಕೇಳ್ರಿ. ಅಲ್ಲಿ ಹೆಸರು ಕಡಿಮಿ, ಹೊಲ ಹೆಂಗ ಒಡೀತು ಅನ್ನೂದು ಹೆಚ್ಚು.

ಡೈರಿ ಎಲ್ಲಿ ತನಕ ಹಿಂದ ಹೋಗತೈತಿ? ಮುಂಬೈ ಪ್ರಾಂತದಾಗ ಹಕ್ಕು ನೋಂದಣಿ ಕಾಯ್ದೆ ಬಂದಿದ್ದು 1903ರಾಗ, ಅದು ಊರಿಂದೂರಿಗೆ ಸಾವಕಾಶ ಬಂತು, ಹಿಂಗಾಗಿ ಡೈರಿ ಹಿಡಿದು ಸುಮಾರು ನೂರು ನೂರಿಪ್ಪತ್ತು ವರ್ಷ ಹಿಂದ ಹೋಗಬಹುದು. ಅದ ನಾಕು ಐದು ತಲಿಮಾರು ಆತಲ್ರಿ.

ಡೈರಿ ಓದೂದು

ಭಾಷಾ ಕನ್ನಡನ ಇದ್ರೂ ಅರ್ಧಕ್ಕರ್ಧ ಮರಾಠಿ, ಫಾರ್ಸಿ ಶಬ್ದ. ಬಿನ್ ಅಂದ್ರ ಇಂಥವರ ಮಗ, ಕೋಂ ಅಂದ್ರ ಇಂಥವರ ಹೆಂಡ್ತಿ. ಮಯತ ಅಂದ್ರ ತೀರಿಕೊಂಡವರು. ವರ್ದಿ ಅಂದ್ರ ಹೊಲದ ಹಕ್ಕು ಬದಲಾಗೇತಿ ಅಂತ ತಲಾಠಿಗೆ, ಅಂದ್ರ ಗ್ರಾಮ ಲೆಕ್ಕಿಗಗ, ಕೊಟ್ಟ ತಿಳುವಳಿಕಿ. ವಾರಸಾ, ವಾಟಣಿ, ಖರೀದಿ, ಬಕ್ಷೀಸ, ದತ್ತಕ, ಇವು ಯಾತಕ್ಕ ಬದಲಾತು ಅನ್ನೂ ಕಾರಣ. ಉರ್ಫ್ ಅಂತ ಕಂಡ್ರ ಅಲ್ಲಿ ನಿಂದರ್ರಿ, ಮನ್ಯಾಗ ಕರಿಯೂ ಹೆಸರು ಅಲ್ಲೇ ಸಿಗೂದು. ಅಜ್ಞಾನ ಅಂತ ಬರದಿದ್ರ ಬುದ್ಧಿ ಇಲ್ಲದವ ಅಂತಲ್ಲ, ಇನ್ನೂ ವಯಸ್ಸಿಗೆ ಬರದ ಹುಡುಗ ಅಂತ ಅರ್ಥ. ಅ.ಪಾ.ಕ. ಅಂದ್ರ ಅಂಥಾ ಹುಡುಗನ ಪಾಲನಕರ್ತಾ. ಸಹಿ ಮಾಡಾಕ ಬಾರದವರು ಹೆಬ್ಬೆಟ್ಟು ಒತ್ತಿರತಾರ, ಇನ್ನೂ ಹಳೇ ಕಾಗದದಾಗ ರೈತರದು ನೇಗಿಲ ಚಿತ್ರ ತಗದು ನಿಶಾನಿ ಅಂತ ಬರದಿರತೈತಿ.

ನನಗ ಸಿಕ್ಕ ಹಾಳಿ ಹೇಳ್ತೀನಿ. ಅಂಚು ಬೆಲ್ಲದ ಬಣ್ಣ ಆಗಿತ್ತು, ಮುಟ್ಟಿದ್ರ ಹಪ್ಪಳದಂಗ ಮುರಿಯೂದು, ಶಾಯಿ ಮಾತ್ರ ಇನ್ನೂ ಗಟ್ಟಿ. 1919ರ ವಾರಸಾ ಡೈರಿ. ಮುತ್ತಜ್ಜ ಮಯತ, ಇಬ್ಬರು ಅಜ್ಞಾನ ಗಂಡು ಮಕ್ಕಳು, ಒಬ್ಬಂವ ಆರು ವರ್ಷ, ಒಬ್ಬಂವ ಎರಡು ವರ್ಷ, ಅ.ಪಾ.ಕ. ತಾಯಿ ಅಂತ ಬರದು ಮುಂದ ಮುತ್ತಜ್ಜಿ ಹೆಸರು, ಪಕ್ಕದಾಗ ಎಡಗೈ ಹೆಬ್ಬೆಟ್ಟಿನ ಗುರುತು. ಮನ್ಯಾಗ ಆಕಿ ಹೆಸರು ಯಾರಿಗೂ ಗೊತ್ತಿರಲಿಲ್ಲ, "ಹಿರೇ ಆಯಿ" ಅಂತಷ್ಟ. ಆ ಎರಡು ವರ್ಷದ ಕೂಸು ನಮ್ಮಜ್ಜ. ಅದರ ಹಿಂದಮುಂದಿನ ಹಾಳಿ ತಿರುವಿದ್ರ ಬರೇ ವಾರಸಾ, ವಾರಸಾ, ವಾರಸಾ. 1918ರ ಇನ್‌ಫ್ಲುಯೆಂಜಾ ಬ್ಯಾನಿ ಊರು ಹೆಂಗ ಖಾಲಿ ಮಾಡಿತ್ತು ಅನ್ನೂದು ಒಂದು ರಜಿಸ್ಟರಿನ್ಯಾಗ ಕಣ್ಣಿಗೆ ಕಾಣತಿತ್ತು. ನಾನು ರೆಕಾರ್ಡ್ ರೂಮಿನ್ಯಾಗ ಕುಂತು ಅತ್ತೆ, ಅಲ್ಲಿದ್ದ ಗುಮಾಸ್ತರು ನೀರು ತಂದು ಕೊಟ್ರು.

ಹೆಣ್ಣುಮಕ್ಕಳ ಹೆಸರು ಹುಡುಕೋರು ಇದನ್ನ ಲಕ್ಷ್ಯದಾಗ ಇಡ್ರಿ. ಗಂಡ ಇರೂ ತನಕ ಆಕಿ ಹೆಸರು ಹೊಲದ ಕಾಗದಕ್ಕ ಬರೂದ ಅಪರೂಪ, ವಿಧವೆ ಆದಾಗ ಬರತೈತಿ, ದತ್ತಕ ತಗೊಂಡಾಗ ಬರತೈತಿ, ತವರುಮನಿಯವರು ಬಕ್ಷೀಸ ಕೊಟ್ಟಾಗ ಬರತೈತಿ.

ಸಬ್ ರಜಿಸ್ಟ್ರಾರ್ ಆಫೀಸು

ಡೈರಿಯೊಳಗ ಖರೀದಿ, ಭೋಗ್ಯ, ಬಕ್ಷೀಸ ಅಂತ ಕಂಡ್ರ ಅದರ ಮೂಲ ಪತ್ರ ಇಲ್ಲಿರತೈತಿ. ಈಗಿನ ನೋಂದಣಿ ಕಾಯ್ದೆ 1908ರದ್ದು, ಅದಕ್ಕೂ ಹಿಂದಿನ ಕಾಯ್ದೆ 1860ರ ದಶಕದಿಂದನೂ ಅದಾವ. ಸ್ಥಿರ ಆಸ್ತಿ ಪತ್ರ ಎಲ್ಲಾ 1ನೇ ಪುಸ್ತಕದಾಗ, ಅದಕ್ಕ ಎರಡು ಇಂಡೆಕ್ಸ್, ಒಂದು ಹೆಸರಿನ ಮ್ಯಾಲೆ, ಒಂದು ಆಸ್ತಿ ಮ್ಯಾಲೆ. 57ನೇ ಕಲಂ ಪ್ರಕಾರ ಫೀ ಕಟ್ಟಿ ಯಾರಾದ್ರೂ ನೋಡಬಹುದು, ನಕಲು ತಗೋಬಹುದು, ನೀವು ಪಾರ್ಟಿ ಇರಬೇಕಂತೇನಿಲ್ಲ. ಮೃತ್ಯುಪತ್ರ 3ನೇ ಪುಸ್ತಕದಾಗ, ಬರದವರು ತೀರಿಕೊಂಡ ನಂತರ ಅದರ ನಕಲೂ ಸಿಗತೈತಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಾಗ ಇಸಿ, ಅಂದ್ರ ಋಣಭಾರ ಪತ್ರ, ಸಿಗೂದು ಸುಮಾರು 2004ರಿಂದ ಈಚಿನದು, ಹಿಂದಿನದಕ್ಕ ಆಫೀಸಿಗೆ ಹೋಗಬೇಕು.

ಪತ್ರ ಸಿಕ್ಕ ಮ್ಯಾಲೆ ಬರೇ ಹೆಸರು ಬರಕೊಂಡು ಬರಬ್ಯಾಡ್ರಿ, ಪೂರ್ತಿ ಓದ್ರಿ. ಏಕತ್ರ ಕುಟುಂಬದ ಹೊಲ ಮಾರಬೇಕಂದ್ರ ಯಾತಕ್ಕ ಮಾರತೇವಿ ಅಂತ ಬರೀಬೇಕಾಗತಿತ್ತು, ಮಗಳ ಲಗ್ನದ ಸಲವಾಗಿ, ಸಾವಕಾರರ ಸಾಲ ತೀರಸಾಕ, ಎತ್ತು ಕೊಳ್ಳಾಕ. ನಮ್ಮ ಹುಣಸಿಮರದ ಹೊಲ ಹೋಗಿದ್ದು ಇಬ್ಬರು ಅತ್ತೆಂದಿರ ಲಗ್ನಕ್ಕ ಅಂತ ಆ ಪತ್ರದಿಂದನ ಗೊತ್ತಾತು, ಅದರಿಂದ ಅವರು ಹುಟ್ಟಿದ ಸುಮಾರು ವರ್ಷನೂ ತಿಳೀತು. ಚತುಸ್ಸೀಮೆನೂ ಓದ್ರಿ, ಮೂಡಲಕ್ಕ ಯಾರ ಹೊಲ, ಪಡುವಲಕ್ಕ ಯಾರ ಹೊಲ ಅಂತ ಇರತೈತಿ, ವಾಟಣಿ ಆದ ಅಣ್ಣತಮ್ಮರ ಹೊಲ ಒಂದಕ್ಕೊಂದು ಹತ್ತಿಕೊಂಡ ಇರತಾವ. ನಾನು ಕಳಕೊಂಡಿದ್ದ ಒಂದು ಟೊಂಗಿ ಬಾಜು ಹೊಲದ ಹೆಸರಿನಿಂದ ಸಿಕ್ತು.

ಹೊಲ ಇಲ್ಲದ ಮನೆತನ, ಪ್ಯಾಟಿ ಮನೆತನ

"ನಮಗ ಹೊಲ ಇರಲಿಲ್ರಿ, ನಮ್ಮ ಹೆಸರು ಎಲ್ಲಿ ಸಿಗತೈತಿ" ಅಂತ ಕೇಳೋರು ಬಾಳ ಮಂದಿ. ಲಾವಣಿ ಮಾಡಿದವರು, ಅಂದ್ರ ಬ್ಯಾರೆಯವರ ಹೊಲ ಗೇಣಿಗೆ ಉಳಿದವರು, ಉತಾರದ 12ನೇ ಕಾಲಂನ್ಯಾಗ ಇರತಾರ. 1974ರ ಭೂಸುಧಾರಣೆ ನಂತರ ಗೇಣಿದಾರರು ಹಾಕಿದ 7ನೇ ನಮೂನಿ ಅರ್ಜಿ, ಭೂ ನ್ಯಾಯಮಂಡಳಿ ಫೈಲು, ಅದರಾಗ ಯಾವಾಗಿನಿಂದ ಉಳತೇವಿ, ನಮ್ಮಪ್ಪ ಯಾರು ಅಂತ ಜಬಾನಿ ಸಮೇತ ಇರಬಹುದು. ತಳವಾರಿಕಿ, ವಾಲೀಕಾರಿಕಿ, ಗೌಡಕಿ ಇಂಥಾ ವತನ, ಅಂದ್ರ ಊರ ಚಾಕರಿಯ ಹಕ್ಕು, ಇದ್ದ ಮನೆತನದವರು ಭಾಗ್ಯವಂತರು, 1961ರ ಗ್ರಾಮ ಹುದ್ದೆ ರದ್ದಿಯಾತಿ ಕಾಯ್ದೆ ಆದ ಮ್ಯಾಲೆ ಜಮೀನು ರೀಗ್ರ್ಯಾಂಟ್, ಅಂದ್ರ ಮತ್ತ ತಮ್ಮ ಹೆಸರಿಗೆ ಮಂಜೂರು, ಮಾಡ್ಸಾಕ ವಂಶಾವಳಿ ಹಚ್ಚಬೇಕಾಗತಿತ್ತು, ಆ ಫೈಲಿನ್ಯಾಗ ಒಂದ ಹಾಳಿ ಮ್ಯಾಲೆ ನಾಕು ತಲಿಮಾರು ಸಿಗಬಹುದು.

ಸಾಲಿ ರಜಿಸ್ಟರ ಮರೀಬ್ಯಾಡ್ರಿ. ಊರ ಹಳೇ ಕನ್ನಡ ಗಂಡುಮಕ್ಕಳ ಸಾಲಿ ದಾಖಲಾತಿ ಪುಸ್ತಕದಾಗ ಹುಡುಗನ ಹೆಸರು, ತಂದಿ ಹೆಸರು, ಜಾತಿ, ಹುಟ್ಟಿದ ತಾರೀಖು ಇರತಾವ. ಹುಬ್ಬಳ್ಳಿ, ಧಾರವಾಡ ಪ್ಯಾಟಿ ಮನಿಗೆ ಸಿಟಿ ಸರ್ವೆ ಆಫೀಸು, ಸಿಟಿಎಸ್, ಅಂದ್ರ ಸಿಟಿ ಸರ್ವೆ, ನಂಬರ ಹಿಡಿದು ಪ್ರಾಪರ್ಟಿ ಕಾರ್ಡ್ ತಗಸ್ರಿ, ಜೋಡಿ ಮೊದಲ ಚೌಕಶಿ ಆದಾಗಿನ ಎನ್‌ಕ್ವೈರಿ ರಜಿಸ್ಟರಿನ ನಕಲೂ ಕೇಳ್ರಿ. ಕ್ರಿಶ್ಚಿಯನ್ ಮನೆತನದವರಿಗೆ ಬಾಸೆಲ್ ಮಿಶನ್ ಐತಿ, ಧಾರವಾಡಕ್ಕ 1837ರಾಗ, ಹುಬ್ಬಳ್ಳಿಗೆ 1839ರಾಗ ಬಂದವರು, ಚರ್ಚಿನ ದೀಕ್ಷಾಸ್ನಾನದ, ಲಗ್ನದ ಪುಸ್ತಕ ಕೇಳಿ ನೋಡ್ರಿ.

1903ಕ್ಕೂ ಹಿಂದ

ಇಲ್ಲಿಂದ ಕೆಲಸ ಬಿರಿ ಆಗತೈತಿ. ನಮ್ಮ ಕಡೆ ಬ್ರಿಟಿಷರ ಭೂಮಾಪನ 1840ರ ದಶಕದಾಗ ಶುರು ಆತು, 30 ವರ್ಷಕ್ಕೊಮ್ಮೆ ಮತ್ತ ಸರ್ವೆ, ಆ ಕಾಲದ ಸೆಟ್ಲಮೆಂಟ್ ಕಾಗದದಾಗ ಖಾತೆದಾರನ ಹೆಸರು ಸಿಗಬಹುದು. ಇನಾಂ ಇದ್ದ ಮನೆತನ ಆಗಿದ್ರ ಇನಾಂ ಕಮಿಶನ್ನಿನ ದಫ್ತರ ನೋಡಬೇಕು, 1852ರ ಕಾಯ್ದೆ ಪ್ರಕಾರ ಇನಾಂ ಯಾರು ಕೊಟ್ರು, ಯಾರಿಂದ ಯಾರಿಗೆ ಬಂತು ಅಂತ ಸನದು ಸಮೇತ ಸಿದ್ಧ ಮಾಡಿ ತೋರಿಸಬೇಕಾಗಿತ್ತು. ಪೇಶವಾ ದಫ್ತರ ಪುಣೆ ಪತ್ರಾಗಾರದಾಗ ಐತಿ, ನಮ್ಮ ರಾಜ್ಯ ಪತ್ರಾಗಾರ ಇಲಾಖೆ ಕಚೇರಿ ಧಾರವಾಡದಾಗೂ ಐತಿ, ಮೊದಲು ಅಲ್ಲಿ ಹೋಗಿ ಕೇಳ್ರಿ.

ಆ ಕಾಗದ ಬಾಳಷ್ಟು ಮೋಡಿ ಲಿಪಿಯೊಳಗ, ಅಂದ್ರ ಮರಾಠಿ ಬರಿಯೂ ಹಳೇ ಓಡುಬರಹದೊಳಗ. ಅಕ್ಷರ ಒಂದಕ್ಕೊಂದು ಕೊಕ್ಕಿ ಹಾಕ್ಕೊಂಡು ಓಡತಾವ, ಮರಾಠಿ ಚೊಲೊ ಬಂದ್ರೂ ಕಲೀದ ಓದಾಕ ಆಗೂದಿಲ್ಲ. ತಾರೀಖೂ ಬ್ಯಾರೆ ಲೆಕ್ಕ. ಶಕೆ ಇದ್ರ 78 ಕೂಡಸ್ರಿ, ಫಸಲಿ ಇದ್ರ 590, ಮರಾಠರ ಕಾಲದ ಸುಹೂರ ಸನ ಇದ್ರ 599, ವರ್ಷ ಶುರುವಾಗೂ ತಿಂಗಳು ಬ್ಯಾರೆ ಇರೂದ್ರಿಂದ ಒಂದು ವರ್ಷ ಹಿಂದಮುಂದ ಆಗತೈತಿ. ಬರೇ ಸಂವತ್ಸರ ಬರದಿದ್ರ 60 ವರ್ಷಕ್ಕೊಮ್ಮೆ ಅದ ಹೆಸರು ಬರತೈತಿ ಅನ್ನೂದು ಖಬರಿರಲಿ. "ಧಾತು ಈಶ್ವರ ಬರದಾಗ ಊರು ಬಿಟ್ಟು ಬಂದವರು" ಅಂತ ಹಿರೇರು ಅಂದ್ರ ಅದು 1876ರಿಂದ 78ರ ಬರ.

ಹೆಳವರು

ಕಚೇರಿಯೊಳಗ ದಾರಿ ಮುಗದಲ್ಲಿ ಹೆಳವರು ಅದಾರ. ಸುಗ್ಗಿ ಮುಗದ ಮ್ಯಾಲೆ ಎತ್ತಿನ ಮ್ಯಾಲೋ ಗಾಡಿ ಮ್ಯಾಲೋ ಬರತಾರ, ಮನಿ ಮುಂದ ನಿಂತು ಬೆಡಗು, ಮೂಲ ಊರು, ಹಿರೇರ ಹೆಸರು ಒಂದ ಉಸಿರಿನ್ಯಾಗ ಹೇಳತಾರ, ಹೊಸದಾಗಿ ಹುಟ್ಟಿದವರ ಹೆಸರು ತಮ್ಮ ಪುಸ್ತಕಕ್ಕ ಏರಸ್ತಾರ, ಕಾಳುಕಡಿ ಕೊಟ್ಟು ಕಳಸ್ತೇವಿ. ನಮ್ಮ ಪ್ಯಾಟಿ ಮಂದಿ ಬಾಗಲಾ ಹಾಕ್ಕೊಂಡು ಕುಂಡ್ರತೇವಿ, ಅದು ಬಾಳ ತಪ್ಪು. ನಿಮ್ಮ ಮನೆತನದ ಹೆಳವರು ಯಾರು, ಯಾವ ಊರಿನವರು, ಕಡೀಕ ಯಾವಾಗ ಬಂದಿದ್ರು ಅಂತ ಊರಾಗಿನ ಅಣ್ಣತಮ್ಮರ ಮನ್ಯಾಗ ಕೇಳ್ರಿ. ಬಂದಾಗ ಅವರನ್ನ ಕೇಳಿ ಫೋನಿನ್ಯಾಗ ರೆಕಾರ್ಡ್ ಮಾಡ್ಕೊರಿ. ಅವರು ಹೇಳಿದ್ದನ್ನ ಹಂಗ ಖರೇ ಅಂತ ಬರೀಬ್ಯಾಡ್ರಿ, ಸುಳ್ಳಂತನೂ ಬಿಡಬ್ಯಾಡ್ರಿ, ಡೈರಿಯೊಳಗಿನ ಹೆಸರಿನ ಜೋಡಿ ತಾಳಿ ಹಚ್ಚಿ ನೋಡ್ರಿ. ನಮ್ಮ ಮನೆತನದ್ದು ಮೂರು ತಲಿಮಾರು ಅಕ್ಷರಶಃ ಕೂಡಿದವು, ನಾಕನೇದರಾಗ ಅಣ್ಣ ತಮ್ಮ ಹಿಂದಮುಂದ ಆಗಿದ್ರು.

ನಿಮ್ಮ ವಹಿಯೊಳಗ ಪ್ರತಿ ಹೆಸರಿನ ಬಾಜು ಅದು ಎಲ್ಲಿ ಸಿಕ್ತು ಅಂತ ಬರೀರಿ, ಡೈರಿ ನಂಬರ, ವರ್ಷ, ಪತ್ರದ ನಂಬರ, ಇಲ್ಲಾ "ಆಯಿ ಹೇಳಿದ್ದು" ಅಂತ. ಖಾತ್ರಿ ಇಲ್ಲದ್ದಕ್ಕ ಪೆನ್ಸಿಲ್. ಫೋಟೊ ತಗದು ಎರಡು ಕಡೆ ಇಡ್ರಿ, ಒಂದು ಪ್ರತಿ ಕಾಕಾನ ಮನ್ಯಾಗ ಇರಲಿ.

ಹೋದ ವರ್ಷ ಹೆಳವಜ್ಜ ಬಂದಾಗ ನಾನು ಊರಿಗೆ ಹೋಗಿದ್ದೆ. 1919ರ ಡೈರಿ ನಕಲು ಓದಿ ಹೇಳಿದೆ. ಪುಸ್ತಕದಾಗ ಮುತ್ತಜ್ಜನ ಹೆಸರಿನ ಮುಂದ ಜಾಗಾ ಬಿಟ್ಟಿತ್ತು, ಅಜ್ಜ ಚಾಳೀಸು ಏರಿಸಿಕೊಂಡು ಎರಡು ಸಲ ಹೆಸರು ಹೇಳಿಸಿ ಕೇಳಿಕೊಂಡು ಅಲ್ಲಿ ಮುತ್ತಜ್ಜಿ ಹೆಸರು ಬರದ. ಆಮ್ಯಾಲೆ ಈ ವರ್ಷ ಹುಟ್ಟಿದವರು ಯಾರು ಅಂದ. ನನ್ನ ತಮ್ಮನ ಮಗಳು ಅಂದೆ, ಹೆಸರು ಕೇಳಿದ, ಹೇಳಿದೆ, ಅಜ್ಜ ತಲಿ ಎತ್ತಿ ನೋಡಿ "ಅದ ಹೆಸರೇನಪಾ" ಅಂದ, "ಹೌದ್ರಿ ಅಜ್ಜಾರ, ಅದ" ಅಂದೆ.